ನೆಲದೆತ್ತರ ಮತ್ತು ನಿಲುವು: ಹೇಳಿ ಮಾಡಿಸಿದ ಸ್ಪೋರ್ಟ್ಸ್ ಕಾರಿನ ರೂಪವಿಚಾರ

ಒಬ್ಬ ಒಡೆಯನಿಗಾಗಿಯೇ ಹೇಳಿ ಮಾಡಿಸಿದ, ಕೋಟಿಗಟ್ಟಲೆ ಬೆಲೆಯ ಸ್ಪೋರ್ಟ್ಸ್ ಕಾರಿನ ರೂಪವನ್ನು ಕುರಿತ ಮಾತು ಬಹುಮಟ್ಟಿಗೆ ಹೊಗಳಿಕೆಯಲ್ಲೋ ಹೀಗಳಿಕೆಯಲ್ಲೋ ಮುಗಿದುಹೋಗುತ್ತದೆ. ಅದಕ್ಕಿಂತ ಮುಂದೆ ಹೋಗಲು ಯಾರಾದರೂ ಹೊರಟರೆ ಅದು ಅವರವರ ರುಚಿಗೆ ಬಿಟ್ಟದ್ದೆಂಬ ಮಾತು ಅಡ್ಡ ಬರುತ್ತದೆ. ದೇವಾಲಯದ ವಿಮಾನ, ಕಂಚಿನ ವಿಗ್ರಹ, ವೀಣೆಯ ಬುರುಡೆ ಇವುಗಳ ಅಳತೆ ಆಯಗಳನ್ನು ಶಾಸ್ತ್ರಬದ್ಧವಾಗಿ ಚರ್ಚಿಸಿದ ಸಮಾಜ, ಕಾರಿನ ವಿಷಯ ಬಂದೊಡನೆ ಚರ್ಚೆಯನ್ನೇ ಕೈಬಿಟ್ಟು ಮೆಚ್ಚುಗೆಯನ್ನಷ್ಟೇ ಉಳಿಸಿಕೊಂಡಿರುವುದು ಸೋಜಿಗದ ಸಂಗತಿ. ಈ ಉಪನ್ಯಾಸದ ವಾದ ಇಷ್ಟು: ಕಾರಿನ ರೂಪಕ್ಕೆ ಕಾರಣಗಳಿವೆ, ಕಾರಣಗಳಿರುವುದರಿಂದಲೇ ಅದರ ಬಗೆಗಿನ ಅಭಿಪ್ರಾಯವನ್ನು ಒರೆಗೆ ಹಚ್ಚಬಹುದು, ಭಾರತದ ಮಟ್ಟಿಗೆ ಆ ಒರೆಗಲ್ಲು ಕಾರಿನ ತಳಕ್ಕೂ ರಸ್ತೆಗೂ ನಡುವಿನ ಕೆಲವು ಅಂಗುಲಗಳಲ್ಲಿದೆ. ಚೆನ್ನೈಯ ಎಗ್ಮೋರಿನ ಆಸುಪಾಸು ಈ ವಾದಕ್ಕೆ ಬೇಕಾದ ಸಾಕ್ಷ್ಯವನ್ನು ವಿಚಿತ್ರವೆನಿಸುವಷ್ಟು ಹತ್ತಿರ ಹತ್ತಿರದಲ್ಲೇ ಒದಗಿಸುತ್ತದೆ: ಒಂದು ಕಡೆ ಮೌಂಟ್ ರೋಡಿನ ಹಳೆಯ ಬಾಡಿ ಕಟ್ಟುವ ಕಂಪನಿಗಳು, ಇನ್ನೊಂದು ಕಡೆ ಕೂವಂ ನದಿಯ ಮಗ್ಗುಲಿನ ಪುದುಪೇಟೆಯ ಗುಜರಿ ಅಂಗಡಿಗಳು, ನಡುವೆ ಪ್ಯಾಂಥಿಯನ್ ರಸ್ತೆಯ ಸರ್ಕಾರಿ ಮ್ಯೂಸಿಯಂ.

ಚರ್ಚೆಯ ಅನುಕೂಲಕ್ಕಾಗಿ ಕಾರನ್ನು ಎರಡು ಭಾಗಗಳಾಗಿ ನೋಡಬಹುದು. ಎಂಜಿನ್, ಗೇರ್‌ಬಾಕ್ಸ್, ಆಕ್ಸಲ್ ಮತ್ತು ಗಾಲಿಗಳನ್ನು ಹೊತ್ತ ಉಕ್ಕಿನ ಚೌಕಟ್ಟು ಚಾಸಿ. ಅದರ ಮೇಲೆ ಕೂರುವ, ಕಣ್ಣಿಗೆ ಕಾಣುವ ಕವಚ ಬಾಡಿ. ಮೋಟಾರು ಯುಗದ ಮೊದಲ ದಶಕಗಳಲ್ಲಿ ದುಬಾರಿ ಕಾರಿನ ಕಂಪನಿ ಚಾಸಿಯನ್ನಷ್ಟೇ ಮಾರುತ್ತಿತ್ತು, ಬಾಡಿಯನ್ನು ಕೊಳ್ಳುವವನು ಬೇರೆ ಕಡೆ ಮಾಡಿಸಿಕೊಳ್ಳುತ್ತಿದ್ದ. ಆ ಕೆಲಸಕ್ಕೆ ಕೈಹಾಕಿದವರು ಅಲ್ಲಿಯತನಕ ಕುದುರೆಗಾಡಿಗಳನ್ನು ಕಟ್ಟುತ್ತಿದ್ದವರೇ ಆದ್ದರಿಂದ ಕಾರಿನ ಬಾಡಿ ಕಟ್ಟುವ ಕಸುಬಿಗೂ ಕೋಚ್‌ಬಿಲ್ಡಿಂಗ್ ಎಂಬ ಗಾಡಿಯ ಕಾಲದ ಹೆಸರೇ ಉಳಿಯಿತು. 1840ರಲ್ಲಿ ಮದರಾಸಿನಲ್ಲಿ ಆರಂಭವಾದ ಸಿಂಪ್ಸನ್ ಕಂಪನಿ ಇಂಥ ಗಾಡಿ ಕಟ್ಟುವ ಸಂಸ್ಥೆಯಾಗಿಯೇ ಹೆಸರು ಮಾಡಿತು. 1903ರ ಸುಮಾರಿಗೆ ಅಲ್ಲಿಯ ಸ್ಯಾಮ್ಯುಯೆಲ್ ಜಾನ್ ಗ್ರೀನ್ ಉಗಿಯಿಂದ ಓಡುವ ಕಾರನ್ನು ಕಟ್ಟಿ ಮದರಾಸಿನ ಬೀದಿಗಳಲ್ಲಿ ಓಡಿಸಿದರು. ಕಾರೆಂದರೆ ಸಿದ್ಧವಾಗಿ ಹಡಗಿನಿಂದ ಇಳಿಯುವ ವಸ್ತುವೆಂಬ ಭಾವನೆ ಈ ನಗರದಲ್ಲಿ ಮೊದಲಿನಿಂದಲೂ ಪೂರ್ತಿಯಾಗಿ ನೆಲೆಯೂರಿರಲಿಲ್ಲ ಎಂಬುದಕ್ಕೆ ಇಷ್ಟು ಸಾಕು.

ಹೇಳಿ ಮಾಡಿಸುವ ಸ್ವಾತಂತ್ರ್ಯ ಎಲ್ಲಿಯವರೆಗೆ ಹೋಗಬಹುದೆಂಬುದನ್ನು ಕಲ್ಕತ್ತದ ಹಂಸದ ಕಾರು ತೋರಿಸಿಕೊಟ್ಟಿತು. ರಾಬರ್ಟ್ ನಿಕೋಲ್ ಮ್ಯಾಥ್ಯೂಸನ್ ಎಂಬ ಕಲ್ಕತ್ತದ ಸಿರಿವಂತನಿಗಾಗಿ 1910ರಲ್ಲಿ ಇಂಗ್ಲೆಂಡಿನ ಲೊವೆಸ್ಟಾಫ್ಟ್ ಊರಿನ ಬ್ರೂಕ್ ಕಂಪನಿ ಕಟ್ಟಿಕೊಟ್ಟ ಈ ಕಾರಿನ ಮುಂಭಾಗ ಇಡಿಯಾಗಿ ಒಂದು ಹಂಸ: ಎತ್ತಿದ ಕತ್ತು, ಬೆಳಗುವ ಕಣ್ಣು, ಎದುರಿನ ಜನರನ್ನು ಸರಿಸಲು ಕೊಕ್ಕಿನಿಂದ ಬಿಸಿನೀರನ್ನು ಚಿಮ್ಮಿಸುವ ಏರ್ಪಾಟು. ಬೀದಿಯಲ್ಲಿ ಗದ್ದಲವೆದ್ದು ಪೊಲೀಸರು ಅದನ್ನು ಹೊರಗೆ ತರಕೂಡದೆಂದರು. ಕಾರಿನ ರೂಪದ ಬಗ್ಗೆ ಭಾರತದಲ್ಲಿ ಹೊರಬಿದ್ದ ಮೊದಲ ಅಧಿಕೃತ ವಿಮರ್ಶೆ ಇದೇ ಇದ್ದರೂ ಇರಬಹುದು. ಮುಂದೆ ನಾಭಾ ಸಂಸ್ಥಾನದ ಕೈಸೇರಿದ ಆ ಕಾರು ಈಗ ನೆದರ್‌ಲ್ಯಾಂಡ್ಸಿನ ಲೌಮನ್ ಮ್ಯೂಸಿಯಮ್ಮಿನಲ್ಲಿದೆ. ಅದನ್ನು ಹುಚ್ಚಾಟವೆಂದು ತಳ್ಳಿಹಾಕುವುದು ಸುಲಭ, ಆದರೆ ಅದು ಕಲಿಸುವ ಪಾಠ ಗಟ್ಟಿಯಾದದ್ದು. ಹಂಸದ ಆಕಾರಕ್ಕೂ ಅದರಡಿಯ ಯಂತ್ರಕ್ಕೂ ಯಾವ ಸಂಬಂಧವೂ ಇರಲಿಲ್ಲ. ಹಂಸದ ಬದಲು ಆನೆಯನ್ನು ಕೂರಿಸಿದ್ದರೂ ಆ ಚಾಸಿಗೆ ಏನೂ ಅನಿಸುತ್ತಿರಲಿಲ್ಲ. ಅಲಂಕಾರ ಮತ್ತು ರೂಪ ಬೇರೆಯಾಗುವುದು ಇಲ್ಲಿ.

ರೂಪವೆಂದರೆ ಮೊದಲಿಗೆ ಪ್ರಮಾಣ. ಮುಂದಿನ ಗಾಲಿಯ ನಡುವಿನಿಂದ ಹಿಂದಿನ ಗಾಲಿಯ ನಡುವಿಗಿರುವ ದೂರವನ್ನು ವೀಲ್‌ಬೇಸ್ ಎನ್ನುತ್ತಾರೆ. ಗಾಲಿಗಳಿಂದಾಚೆಗೆ ಮುಂದಕ್ಕೂ ಹಿಂದಕ್ಕೂ ಚಾಚಿಕೊಂಡ ಮೈಯನ್ನು ಓವರ್‌ಹ್ಯಾಂಗ್ ಎನ್ನುತ್ತಾರೆ. ಬಾಗಿಲಿನ ಮೇಲಂಚಿನಿಂದ ಮಾಡಿನವರೆಗಿನ ಗಾಜಿನ ಭಾಗಕ್ಕೆ ವಿನ್ಯಾಸಕಾರರು ಗಾಜಿನ ಮನೆಯೆಂಬ ಅರ್ಥದ ಹೆಸರನ್ನು ಕೊಟ್ಟಿದ್ದಾರೆ. ಉದ್ದನೆಯ ಎಂಜಿನ್ನು ಮುಂದಿದ್ದು ಅದರ ಬಲ ಹಿಂದಿನ ಗಾಲಿಗಳಿಗೆ ಹೋಗುವ ಕಾರಿನಲ್ಲಿ ಮುಂದಿನ ಗಾಲಿಗೂ ಚಾಲಕನ ಮುಂದಿನ ಡ್ಯಾಶ್‌ಬೋರ್ಡಿಗೂ ನಡುವೆ ಅಂತರ ಹೆಚ್ಚಿರುತ್ತದೆ, ಬಾನೆಟ್ ನೀಳವಾಗುತ್ತದೆ, ಕೂರುವ ಜಾಗ ಹಿಂದಕ್ಕೆ ಸರಿಯುತ್ತದೆ. ಎಂಜಿನ್ನನ್ನು ಅಡ್ಡಲಾಗಿ ಕೂರಿಸಿ ಮುಂದಿನ ಗಾಲಿಗಳನ್ನೇ ತಿರುಗಿಸುವ ಕಾರಿನಲ್ಲಿ ಆ ಅಂತರ ಕುಗ್ಗುತ್ತದೆ, ಮೂತಿ ಗಾಲಿಯಾಚೆಗೆ ಚಾಚುತ್ತದೆ. ಎಂಜಿನ್ನು ಚಾಲಕನ ಬೆನ್ನ ಹಿಂದೆ ಹೋದರೆ ಇಡೀ ಕಾರು ಮುಂದಕ್ಕೆ ಬಾಗಿದಂತೆ ಕಾಣುತ್ತದೆ. ಈ ಮೂರನ್ನೂ ಪೆನ್ಸಿಲ್ಲಿನಿಂದ ತಿದ್ದಲಾಗುವುದಿಲ್ಲ, ಯಂತ್ರ ಎಲ್ಲಿ ಕೂತಿದೆಯೋ ಅಲ್ಲಿಂದಲೇ ಅವು ಬರಬೇಕು. ದುಬಾರಿ ಬಣ್ಣ, ಇಂಗಾಲದ ನಾರಿನ ರೆಕ್ಕೆ, ಚಿನ್ನದ ಬಣ್ಣದ ಗಾಲಿ ಇವೆಲ್ಲ ಪ್ರಮಾಣ ಕೆಟ್ಟ ಕಾರಿನ ಮೇಲೆ ಬಂದಾಗ ಕೆಟ್ಟದ್ದನ್ನು ಇನ್ನಷ್ಟು ದೂರದಿಂದ ಕಾಣಿಸುತ್ತವೆ.

ಒಡೆಯನ ಇಷ್ಟ, ಚಾಸಿಯ ಗುಣ ಮತ್ತು ಬಾಡಿ ಕಟ್ಟುವವನ ಕಣ್ಣು ಮೂರೂ ಕೂಡಿಬಂದ ಕಾರುಗಳು ಭಾರತದ ಸಂಸ್ಥಾನಗಳಲ್ಲಿ ಇರಲಿಲ್ಲವೆಂದಲ್ಲ. ಇಂದೋರಿನ ಎರಡನೆಯ ಯಶವಂತರಾವ್ ಹೋಳ್ಕರ್ ಅವರಿಗಾಗಿ 1930ರ ದಶಕದಲ್ಲಿ ಲಂಡನ್ನಿನ ಗರ್ನಿ ನಟಿಂಗ್ ಕಂಪನಿ ಅಮೆರಿಕದ ಡ್ಯೂಸೆನ್‌ಬರ್ಗ್ ಚಾಸಿಯ ಮೇಲೆ ಕಟ್ಟಿದ ಕಾರು ಕೇಸರಿ ಮತ್ತು ಕಪ್ಪು ಬಣ್ಣದ್ದು; ಆ ಕಂಪನಿಯ ಉದ್ದನೆಯ ಚಾಸಿಯನ್ನೇ ಆರಿಸಿ, ಅಷ್ಟುದ್ದದ ಮೇಲೆ ಇಬ್ಬರಿಗೆ ಮಾತ್ರ ಜಾಗ ಮಾಡಿಕೊಟ್ಟ ಅದರ ಧಾರಾಳವೇ ಅದರ ಶೈಲಿ. ಮಾಣಿಕ್‌ಬಾಗ್ ಅರಮನೆಯನ್ನು ಜರ್ಮನಿಯ ಎಕಾರ್ಟ್ ಮುಥೇಸಿಯಸ್ ಅವರಿಂದ ಆಧುನಿಕ ಶೈಲಿಯಲ್ಲಿ ಕಟ್ಟಿಸಿದ ಆ ರಾಜರು ಕಾರಿಗೆ ರತ್ನ ಹೊದಿಸಲು ಹೋಗಲಿಲ್ಲ. ಎರಡನೆಯ ಮಹಾಯುದ್ಧದ ನಂತರ ಚಾಸಿಯೂ ಬಾಡಿಯೂ ಒಂದೇ ಉಕ್ಕಿನ ಪೆಟ್ಟಿಗೆಯಾಗಿ ಬೆಸುಗೆಗೊಂಡ ಕಾರುಗಳು ಬಂದವು. ಬಾಡಿಯನ್ನು ಬಿಚ್ಚಿದರೆ ಕಾರೇ ಉಳಿಯದ ಈ ಕಟ್ಟೋಣದಿಂದ ಹಳೆಯ ಕೋಚ್‌ಬಿಲ್ಡಿಂಗ್ ಕಸುಬು ಜಗತ್ತಿನೆಲ್ಲೆಡೆ ಸೊರಗಿತು, ಟುರಿನ್ನಿನ ಪಿನಿನ್‌ಫರೀನಾದಂಥ ಕೆಲವು ಮನೆತನಗಳು ದೊಡ್ಡ ಕಂಪನಿಗಳಿಗೆ ವಿನ್ಯಾಸ ಮಾಡಿಕೊಡುತ್ತ ಬದುಕಿಕೊಂಡವು.

ಆ ಕಾಲದಲ್ಲಿಯೂ ಬಾಡಿ ಬೇರೆ, ಚಾಸಿ ಬೇರೆಯಾಗಿದ್ದ ಒಂದು ಕಾರು ಮದರಾಸಿನಲ್ಲಿ ತಯಾರಾಗುತ್ತಿತ್ತು. 1948ರಲ್ಲಿ ಸ್ಥಾಪನೆಯಾದ ಸ್ಟ್ಯಾಂಡರ್ಡ್ ಮೋಟಾರ್ ಪ್ರಾಡಕ್ಟ್ಸ್ ಆಫ್ ಇಂಡಿಯಾ ಕಂಪನಿ ವಂಡಲೂರಿನ ಕಾರ್ಖಾನೆಯಲ್ಲಿ 1961ರಿಂದ ಕಟ್ಟಿದ ಸ್ಟ್ಯಾಂಡರ್ಡ್ ಹೆರಾಲ್ಡ್, ಇಂಗ್ಲೆಂಡಿನ ಟ್ರಯಂಫ್ ಹೆರಾಲ್ಡಿನ ಭಾರತೀಯ ಅವತಾರ. ಇದರ ರೂಪ ಇಟಲಿಯ ಜೊವಾನ್ನಿ ಮಿಕೆಲೊಟ್ಟಿ ಅವರದು. ಇದರ ಕಟ್ಟೋಣದ ಹಿಂದೆ ಒಂದು ವ್ಯಾಪಾರದ ಪೇಚಾಟದ ಕಥೆಯಿದೆ. ಬಾಡಿ ಒತ್ತಿಕೊಡುತ್ತಿದ್ದ ಕಾರ್ಖಾನೆ ಎದುರಾಳಿ ಕಂಪನಿಯ ಪಾಲಾದ್ದರಿಂದ, ಬೇರೆ ಬೇರೆ ಕಡೆಗಳಲ್ಲಿ ಚೂರುಚೂರಾಗಿ ಮಾಡಿಸಿ ಪ್ರತ್ಯೇಕ ಚಾಸಿಯ ಮೇಲೆ ಬೋಲ್ಟು ಬಿಗಿದು ಜೋಡಿಸಬಹುದಾದ ಬಾಡಿಯೊಂದು ಟ್ರಯಂಫಿನವರಿಗೆ ಬೇಕಾಗಿತ್ತು. ಅನಿವಾರ್ಯವಾಗಿ ಬಂದ ಈ ಏರ್ಪಾಟೇ ರೂಪಕ್ಕೆ ವರವಾಯಿತು. ಬಾನೆಟ್ಟು, ಎರಡೂ ಮಡ್‌ಗಾರ್ಡು, ದೀಪಗಳ ಸಮೇತ ಮೂತಿಯೆಲ್ಲ ಒಂದೇ ತುಂಡಾಗಿ ಮುಂದಕ್ಕೆ ಮಗುಚಿಕೊಳ್ಳುತ್ತಿತ್ತು; ಮೆಕ್ಯಾನಿಕ್ಕು ಮುಂದಿನ ಟೈರಿನ ಮೇಲೆ ಕೂತು ಎಂಜಿನ್ನಿನ ಕೆಲಸ ಮಾಡಬಹುದಾಗಿತ್ತು. ತುಂಡು ತುಂಡಿನ ನಡುವೆ ಕಾಣುವ ಸಂದುಗಳನ್ನು ಮಿಕೆಲೊಟ್ಟಿ ಮುಚ್ಚಿಡಲಿಲ್ಲ, ಅವನ್ನೇ ರೇಖೆಗಳನ್ನಾಗಿ ಮಾಡಿ ಕಾರಿನ ಮೈಮೇಲೆ ಎಳೆದರು. ಕಾರಣ ಮತ್ತು ಆಕಾರ ಇಷ್ಟು ನೇರವಾಗಿ ಕೈಹಿಡಿದ ಸಾಮಾನ್ಯ ಬೆಲೆಯ ಕಾರು ಭಾರತದ ರಸ್ತೆಗೆ ಮತ್ತೊಂದು ಬಂದಿಲ್ಲವೆಂದರೂ ತಪ್ಪಾಗದು.

ಅದೇ ಹೆರಾಲ್ಡ್ ಚಾಸಿಯನ್ನು ಗಿಡ್ಡಗೊಳಿಸಿ ಇಂಗ್ಲೆಂಡಿನಲ್ಲಿ 1962ರಲ್ಲಿ ಸ್ಪಿಟ್‌ಫೈರ್ ಎಂಬ ಇಬ್ಬರು ಕೂರುವ ಸ್ಪೋರ್ಟ್ಸ್ ಕಾರನ್ನು ಮಾಡಿದರು. ಅದರ ಗೆರೆಯೂ ಮಿಕೆಲೊಟ್ಟಿಯದೇ. ಮದರಾಸಿನ ಕಂಪನಿ ಹಿಡಿದದ್ದು ಇದಕ್ಕೆ ವಿರುದ್ಧದ ದಾರಿ: ಇಂಗ್ಲೆಂಡಿನಲ್ಲಿ ಎಂದೂ ಇರದ ನಾಲ್ಕು ಬಾಗಿಲಿನ ಹೆರಾಲ್ಡನ್ನು ಅದು ತಯಾರಿಸಿತು, ಮುಂದೆ ಅದನ್ನೇ ತಿದ್ದಿ ಗೆಜೆಲ್ ಎಂದು ಕರೆದು 1977ರವರೆಗೆ ಮಾರಿತು. ಪರವಾನಗಿ ರಾಜ್ಯದ ದಿನಗಳಲ್ಲಿ ಇಬ್ಬರಷ್ಟೇ ಕೂರುವ ಕಾರನ್ನು ಯಾರೂ ಕೇಳಲಾರರು, ಕೇಳಿದರೂ ಕೊಡುವವರಿರಲಿಲ್ಲ. ಆದರೂ ಸ್ಪೋರ್ಟ್ಸ್ ಕಾರಿನ ಬಯಕೆ ಎಲ್ಲಿ ಹರಿಯಿತೆಂಬುದಕ್ಕೆ ಊರಿನ ಉತ್ತರಕ್ಕಿರುವ ಷೋಲವರಂ ಸಾಕ್ಷಿ. ಯುದ್ಧಕಾಲದ ಆ ವಿಮಾನ ಮೈದಾನದಲ್ಲಿ 1953ರಲ್ಲಿ ಹುಟ್ಟಿದ ಮದ್ರಾಸ್ ಮೋಟಾರ್ ಸ್ಪೋರ್ಟ್ಸ್ ಕ್ಲಬ್ಬು ದಶಕಗಳ ಕಾಲ ರೇಸು ನಡೆಸಿತು; ಸಂಸ್ಥಾನಿಕರ ವಿದೇಶಿ ಕಾರುಗಳ ಜೊತೆಗೆ ಹೆರಾಲ್ಡ್, ಫಿಯೆಟ್, ಅಂಬಾಸಿಡರ್‌ಗಳೂ ಓಡಿದವು. ರೇಸಿಗೆಂದು ಮನೆಯಲ್ಲೇ ಕಟ್ಟಿದ ಕಾರಿನ ರೂಪವನ್ನು ಯಾರೂ ಅಲಂಕಾರಕ್ಕಾಗಿ ಯೋಚಿಸುವುದಿಲ್ಲ: ಭಾರ ಕಳೆಯಲು ಬಾಗಿಲು ಹೋಗುತ್ತದೆ, ಮಾಡು ಹೋಗುತ್ತದೆ, ತಿರುವಿನಲ್ಲಿ ಮಗುಚದಂತೆ ಇಡೀ ಕಾರು ನೆಲಕ್ಕೆ ಇಳಿಯುತ್ತದೆ. ಕೊಯಮತ್ತೂರಿನ ಎಸ್. ಕರಿವರ್ಧನ್ 1980ರ ದಶಕದ ಕೊನೆಯಲ್ಲಿ ಮಾರುತಿ 800ರ ಎಂಜಿನ್ನನ್ನು ಬಳಸಿ ರೂಪಿಸಿದ ಫಾರ್ಮುಲಾ ಮಾರುತಿ ಕಾರುಗಳಲ್ಲಿ ಈ ಕಳೆಯುವ ವಿದ್ಯೆ ಶುದ್ಧ ರೂಪದಲ್ಲಿ ಕಾಣುತ್ತದೆ. 796 ಸಿಸಿಯ ಪುಟ್ಟ ಎಂಜಿನ್ನಿನ ಆ ಕಾರು ತಾನು ಇರುವುದಕ್ಕಿಂತ ದೊಡ್ಡದೆಂದು ಎಲ್ಲಿಯೂ ಹೇಳಿಕೊಳ್ಳುವುದಿಲ್ಲ.

ಹೇಳಿಕೊಂಡ ಕಾರು ವಂಡಲೂರಿನಿಂದಲೇ ಬಂತು. 1985ರಲ್ಲಿ ಅದೇ ಕಂಪನಿ ಸ್ಟ್ಯಾಂಡರ್ಡ್ 2000 ಎಂಬ ದುಬಾರಿ ಕಾರನ್ನು ಹೊರತಂದಿತು. ಇದರ ಬಾಡಿ ಇಂಗ್ಲೆಂಡಿನ ರೋವರ್ ಎಸ್‌ಡಿ1 ಕಾರಿನದು. 1976ರಲ್ಲಿ ಬಂದು ಮರುವರ್ಷ ಯುರೋಪಿನ ವರ್ಷದ ಕಾರೆಂಬ ಪ್ರಶಸ್ತಿ ಪಡೆದ ಆ ರೂಪವನ್ನು ಡೇವಿಡ್ ಬಾಷ್ ಅವರ ತಂಡ ಬಿಡಿಸಿದಾಗ ಅವರ ಕಣ್ಣ ಮುಂದಿದ್ದದ್ದು ಪಿನಿನ್‌ಫರೀನಾ ರೂಪಿಸಿದ ಫೆರಾರಿ ಡೇಟೋನಾ. ಹೀಗೆ ಒಂದು ಇಟಾಲಿಯನ್ ಸ್ಪೋರ್ಟ್ಸ್ ಕಾರಿನ ಮುಖಭಾವ ಇಂಗ್ಲೆಂಡನ್ನು ಹಾಯ್ದು ಮದರಾಸಿನ ಹೊರವಲಯಕ್ಕೆ ಬಂದು ಸೇರಿತು. ಕೆಳಗೆ ಹೋದರೆ ಕಥೆ ಬೇರೆ. ಮೂಲದಲ್ಲಿ ಆ ನೀಳ ಬಾನೆಟ್ಟಿನಡಿ ಮೂರೂವರೆ ಲೀಟರಿನ ಎಂಟು ಸಿಲಿಂಡರಿನ ಎಂಜಿನ್ನಿಗೆ ಜಾಗವಿತ್ತು. ಇಲ್ಲಿ ಅಲ್ಲಿ ಕೂತದ್ದು 1940ರ ದಶಕದ ವ್ಯಾನ್‌ಗಾರ್ಡ್ ಕಾರಿನ ವಂಶದ, 1991 ಸಿಸಿಯ, ನಾಲ್ಕು ಸಿಲಿಂಡರಿನ ಎಂಜಿನ್ನು. ಅದರ ಜೊತೆಗೆ, ಭಾರತದ ರಸ್ತೆಗಳಿಗೆ ಹೊಂದಲೆಂದು ಸಸ್ಪೆನ್ಷನ್ನನ್ನು ಎತ್ತರಿಸಲಾಯಿತು.

ಈ ಎತ್ತರಿಸುವಿಕೆಯ ಬಗ್ಗೆ ಸ್ವಲ್ಪ ನಿಂತು ಯೋಚಿಸಬೇಕು, ಏಕೆಂದರೆ ಆ ಕಾರಿನ ಸೋಲನ್ನು ಕುರಿತ ಮಾತೆಲ್ಲ ಎಂಜಿನ್ನಿನ ಮುದಿತನ ಮತ್ತು ಪೆಟ್ರೋಲಿನ ದಾಹದ ಸುತ್ತಲೇ ತಿರುಗುತ್ತದೆ. 1988ರ ಹೊತ್ತಿಗೆ ತಯಾರಿಕೆ ನಿಂತದ್ದಕ್ಕೆ ಅವು ಕಾರಣಗಳೆಂಬುದೂ ನಿಜ. ಆದರೆ ಸಾಮಾನ್ಯ ನೋಡುಗನ ಕಣ್ಣಿಗೆ ಬಾನೆಟ್ಟಿನೊಳಗಿರುವುದು ಕಾಣುವುದಿಲ್ಲ, ಗಾಲಿಗೂ ಅದರ ಮೇಲಿನ ಕಮಾನಿಗೂ ನಡುವೆ ಬಿಟ್ಟುಕೊಂಡ ಕತ್ತಲೆಯ ಸಂದು ಕಾಣುತ್ತದೆ. ಡೇಟೋನಾದ ಮುಖಕ್ಕೆ ಬಿರುಸು ಬರುವುದು ಅದು ನೆಲವನ್ನು ಮೂಸುತ್ತ ಹೋಗುವುದರಿಂದ. ಅದೇ ಮುಖವನ್ನು ನಾಲ್ಕು ಬೆರಳು ಮೇಲೆತ್ತಿ, ಕಿರಿದಾದ ಟೈರುಗಳ ಮೇಲೆ ನಿಲ್ಲಿಸಿದಾಗ ಬಿರುಸು ಹೋಗಿ ಸೀರೆ ಎತ್ತಿಕೊಂಡು ಕೆಸರು ದಾಟುವವರ ಎಚ್ಚರ ಬಂದುಬಿಡುತ್ತದೆ. ಬಾಡಿಯ ಒಂದು ಗೆರೆಯೂ ಬದಲಾಗಿರಲಿಲ್ಲ. ನೆಲದಿಂದ ಇರುವ ಎತ್ತರ ಮಾತ್ರ ಬದಲಾಗಿತ್ತು, ರೂಪ ಪೂರ್ತಿ ಬೇರೆಯಾಗಿತ್ತು.

ನಿಲುವಿನ ಈ ವಿಚಾರಕ್ಕೆ ಎಗ್ಮೋರಿನ ಮ್ಯೂಸಿಯಂ ಒಳ್ಳೆಯ ಪಾಠಶಾಲೆ. 1851ರಲ್ಲಿ ಸ್ಥಾಪನೆಯಾಗಿ ಮೂರು ವರ್ಷಗಳ ನಂತರ ಪ್ಯಾಂಥಿಯನ್ ಕಟ್ಟಡಕ್ಕೆ ಬಂದ ಈ ಸಂಗ್ರಹಾಲಯದ ಕಂಚಿನ ವಿಗ್ರಹಗಳ ವಿಭಾಗದಲ್ಲಿ ತಿರುವಾಲಂಗಾಡಿನ ನಟರಾಜ, ತಿರುವೆಂಗಾಡಿನ ಅರ್ಧನಾರೀಶ್ವರ ಮೊದಲಾದ ಚೋಳರ ಕಾಲದ ಕೃತಿಗಳಿವೆ. ದಕ್ಷಿಣದ ಶಿಲ್ಪಶಾಸ್ತ್ರ ಈ ವಿಗ್ರಹಗಳನ್ನು ಅಳೆಯುವುದು ತಾಲವೆಂಬ ಮಾನದಿಂದ. ಒಂದು ತಾಲವೆಂದರೆ ಮುಖದ ಉದ್ದ, ಹನ್ನೆರಡು ಅಂಗುಲ. ಪ್ರಧಾನ ದೇವತೆಗಳಿಗೆ ಹೇಳಿದ ಉತ್ತಮ ದಶತಾಲದಲ್ಲಿ ಒಟ್ಟು 124 ಅಂಗುಲ. ಈ ಅಂಗುಲ ಹೊರಗಿನ ಅಳತೆಕೋಲಿನದಲ್ಲ, ವಿಗ್ರಹದ ದೇಹದಿಂದಲೇ ಹುಟ್ಟಿದ್ದು. ಆದ್ದರಿಂದ ಗೇಣುದ್ದದ ಮೂರ್ತಿಗೂ ಆಳೆತ್ತರದ ಮೂರ್ತಿಗೂ ಪ್ರಮಾಣ ಒಂದೇ. ಕಾರಿನ ವಿನ್ಯಾಸಕಾರರೂ ತಿಳಿದೋ ತಿಳಿಯದೆಯೋ ಇದನ್ನೇ ಮಾಡುತ್ತಾರೆ: ಗಾಲಿಯ ವ್ಯಾಸವೇ ಅವರ ತಾಲ. ಎರಡು ಗಾಲಿಗಳ ನಡುವೆ ಇನ್ನೆಷ್ಟು ಗಾಲಿಗಳು ಹಿಡಿಸುತ್ತವೆ, ಮಾಡು ಎಷ್ಟು ಗಾಲಿಗಳ ಎತ್ತರದಲ್ಲಿದೆ ಎಂದು ಎಣಿಸಿ ಅವರು ಚಿತ್ರ ಬಿಡಿಸುತ್ತಾರೆ. ಮ್ಯೂಸಿಯಮ್ಮಿನಲ್ಲಿ ಗಮನಿಸಬೇಕಾದ ಇನ್ನೊಂದು ವಿವರ ಪೀಠದಲ್ಲಿದೆ. ಈ ಕಂಚುಗಳು ಉತ್ಸವಮೂರ್ತಿಗಳು. ಪೀಠದ ಅಂಚಿನ ಬಳೆಗಳಲ್ಲೋ ರಂಧ್ರಗಳಲ್ಲೋ ಬೊಂಬು ತೂರಿಸಿ ಹೆಗಲ ಮೇಲೆ ಹೊತ್ತು ಬೀದಿಯಲ್ಲಿ ಮೆರೆಸಲಿಕ್ಕೆಂದೇ ಎರಕ ಹೊಯ್ದವು. ನೋಡುಗನ ಕಣ್ಣು ಕೆಳಗಿರುತ್ತದೆ, ಮೂರ್ತಿ ಮೇಲೆ ತೇಲುತ್ತಿರುತ್ತದೆ ಎಂಬ ಲೆಕ್ಕ ಸ್ಥಪತಿಯ ತಲೆಯಲ್ಲಿ ಮೊದಲೇ ಇತ್ತು. ಸ್ಪೋರ್ಟ್ಸ್ ಕಾರಿನದು ಇದರ ತಿರುಗುಮುರುಗು ಲೆಕ್ಕ. ಅದರ ಮಾಡು ನೋಡುಗನ ಎದೆಮಟ್ಟದ ಸುಮಾರಿಗಿರುತ್ತದೆ, ಕಣ್ಣು ಅದನ್ನು ಮೇಲಿನಿಂದ ನೋಡುತ್ತದೆ. ಗಾಲಿಗಳ ಮೇಲೆ ಉಬ್ಬಿದ ಭುಜಗಳು, ನಡುವೆ ಸೆಳೆದ ಸೊಂಟ, ಬಾನೆಟ್ಟಿನ ಇಳುಕಲು ಇವೆಲ್ಲ ಆ ಕೋನಕ್ಕಾಗಿ ಬರೆದ ರೇಖೆಗಳು. ಕಾರನ್ನು ಎತ್ತಿದರೆ ಆ ಕೋನವೇ ತಪ್ಪಿ, ಕಲಾವಿದ ತೋರಿಸಲು ಇಚ್ಛಿಸದಿದ್ದ ಪಕ್ಕೆಯ ತಗಡು ಎದುರಿಗೆ ಬಂದು ನಿಲ್ಲುತ್ತದೆ.

ಸ್ಪೋರ್ಟ್ಸ್ ಕಾರಿನ ಇನ್ನೊಂದು ಪ್ರಯತ್ನ ನಡೆದದ್ದು ಬೆಂಗಳೂರಿನ ಸ್ಯಾನ್ ಕಂಪನಿಯಿಂದ. 1990ರ ದಶಕದ ಕೊನೆಯಲ್ಲಿ ಬಂದ ಸ್ಯಾನ್ ಸ್ಟಾರ್ಮ್ ಇಬ್ಬರು ಕೂರುವ, ಮಾಡು ತೆಗೆಯಬಹುದಾದ ಕಾರು. ಫೈಬರ್‌ಗ್ಲಾಸಿನ ಬಾಡಿ, ವಿನ್ಯಾಸಕ್ಕೆ ಫ್ರಾನ್ಸಿನ ನೆರವು, 1149 ಸಿಸಿಯ ರೆನೊ ಎಂಜಿನ್ನು, ಸುಮಾರು 60 ಅಶ್ವಶಕ್ತಿ. ಇದನ್ನು ಸ್ಪೋರ್ಟ್ಸ್ ಕಾರೆಂದು ಕರೆಯಬೇಕೇ ಎಂದು ಆಗ ನಕ್ಕವರಿದ್ದರು. ರೂಪದ ದೃಷ್ಟಿಯಿಂದ ನೋಡಿದರೆ ಆ ನಗು ಪೂರ್ತಿ ನ್ಯಾಯವಾದದ್ದಲ್ಲ. ಮುಂದಿನ ಗಾಲಿಗಳನ್ನು ತಿರುಗಿಸುವ ಪುಟ್ಟ ಎಂಜಿನ್ನಿಗೆ ಗಿಡ್ಡ ಮೂತಿ, ದುಂಡು ಮೈ, ಸಾಧಾರಣ ಅಗಲ: ಇರುವಷ್ಟನ್ನೇ ತೋರಿಸುವ ಈ ಪ್ರಾಮಾಣಿಕತೆ ಅದರಲ್ಲಿತ್ತು, ಮತ್ತು ಆ ಕಾರಣದಿಂದಲೇ ಅದು ಇಂದಿಗೂ ಕಣ್ಣಿಗೆ ಮುಜುಗರ ತರುವುದಿಲ್ಲ. ಅಮೆರಿಕದ ಪ್ಯಾಸಡೀನಾದಲ್ಲಿ ವಿನ್ಯಾಸ ಕಲಿತು ಮುಂಬೈಯಲ್ಲಿ ಸ್ಟುಡಿಯೊ ತೆರೆದ ದಿಲೀಪ್ ಛಾಬ್ರಿಯಾ ಅವರ ಡಿಸಿ ಅವಂತಿ ಇದಕ್ಕೆ ಎದುರಿನ ಉದಾಹರಣೆ. 2012ರ ದೆಹಲಿಯ ಆಟೊ ಎಕ್ಸ್‌ಪೊದಲ್ಲಿ ಮೊದಲು ಕಂಡ ಈ ಕಾರಿನಲ್ಲಿ ಎರಡು ಲೀಟರಿನ ಟರ್ಬೊ ಎಂಜಿನ್ನು ಚಾಲಕನ ಬೆನ್ನ ಹಿಂದಿದೆ. ಆದ್ದರಿಂದ ಅದರ ಮೂಲ ಪ್ರಮಾಣ ಸಾಚಾ. ಆದರೆ ಹಂಪುಗಳನ್ನು ದಾಟಲೇಬೇಕಾದ ದೇಶಕ್ಕೆಂದು ಅದರ ತಳವನ್ನು ನೆಲದಿಂದ ಸುಮಾರು 170 ಮಿಲಿಮೀಟರಿನಷ್ಟು ಮೇಲಿಡಲಾಯಿತು. ಅದು ಸಾಧಾರಣ ಮನೆಬಳಕೆಯ ಕಾರಿನ ಎತ್ತರ. ವಿನ್ಯಾಸಕಾರರು ಇದನ್ನು ಅರಿಯದವರಲ್ಲ. ಎತ್ತರವನ್ನು ಮರೆಸಲು ದೊಡ್ಡ ಗಾಲಿ ಹಾಕಿದರು, ಪಕ್ಕೆಯನ್ನು ಗಾಳಿಕಿಂಡಿಯಿಂದ ಸೀಳಿದರು, ಮೂತಿಯಲ್ಲಿ ಗೆರೆಯ ಮೇಲೆ ಗೆರೆ ಎಳೆದರು. ದೊಡ್ಡ ಗಾಲಿಯ ಉಪಾಯ ಒಂದು ಮಟ್ಟಿಗೆ ಫಲಿಸಿತು. ತಾಲವೇ ಹಿಗ್ಗಿದ್ದರಿಂದ ಎತ್ತರ ತುಸು ತಗ್ಗಿದಂತೆ ಕಂಡಿತು. ಗೆರೆಗಳ ಉಪಾಯ ಫಲಿಸಲಿಲ್ಲ. ಬಹಳ ಗೆರೆಗಳಿರುವ ಮೈಯಲ್ಲಿ ಕಣ್ಣು ಎಲ್ಲಿಯೂ ನಿಲ್ಲುವುದಿಲ್ಲ, ಎಲ್ಲಿಯೂ ನಿಲ್ಲದ ಕಣ್ಣು ಕೊನೆಗೆ ಹೋಗಿ ನಿಲ್ಲುವುದು ಗಾಲಿಯ ಮೇಲಿನ ಸಂದಿನಲ್ಲೇ. ಇಷ್ಟಾದರೂ, ಭಾರತದ ರಸ್ತೆಯನ್ನು ಮರೆತು ಮಾಡಿದ ಕಾರಲ್ಲ ಅದು ಎಂಬ ಕಾರಣಕ್ಕೆ ಅವಂತಿಗೆ ಸಲ್ಲಬೇಕಾದ ಗೌರವವಿದೆ; ಆಮದಾದ ಬೆಲೆಯಷ್ಟೇ ಸುಂಕ ತೆತ್ತು ತರಿಸಿದ ಇಟಾಲಿಯನ್ ಕಾರು ಮನೆಯ ಗೇಟಿನ ಇಳಿಜಾರಿನಲ್ಲಿ ಹೊಟ್ಟೆ ಉಜ್ಜಿಕೊಳ್ಳುವ ದೃಶ್ಯ ಚೆನ್ನೈಯ ಸಿರಿವಂತ ಬಡಾವಣೆಗಳಿಗೆ ಹೊಸದಲ್ಲ.

ಹೊರಗಿನ ಜಗತ್ತಿನಲ್ಲಿ ಹೇಳಿ ಮಾಡಿಸುವ ಪದ್ಧತಿ ಈ ಶತಮಾನದಲ್ಲಿ ಮರಳಿ ಚಿಗುರಿತು. ಅಮೆರಿಕದ ಚಿತ್ರನಿರ್ದೇಶಕ ಜೇಮ್ಸ್ ಗ್ಲಿಕನ್‌ಹೌಸ್ ಅವರು ಫೆರಾರಿ ಎಂಜೊ ಕಾರೊಂದನ್ನು ಕೊಟ್ಟು ಪಿನಿನ್‌ಫರೀನಾದಿಂದ ಕಟ್ಟಿಸಿದ ಪಿ4/5 ಕಾರು 2006ರಲ್ಲಿ ಪೆಬ್ಬಲ್ ಬೀಚಿನಲ್ಲಿ ಪ್ರದರ್ಶನಗೊಂಡಿತು. ಜೇಸನ್ ಕ್ಯಾಸ್ಟ್ರಿಯೋಟಾ ಅದರ ವಿನ್ಯಾಸಕಾರರು, 1960ರ ದಶಕದ ಫೆರಾರಿ ರೇಸು ಕಾರುಗಳು ಅದರ ಆದರ್ಶ. ಎಂಜೊದಲ್ಲಿಯೂ ಆ ಹಳೆಯ ರೇಸು ಕಾರುಗಳಲ್ಲಿಯೂ ಹನ್ನೆರಡು ಸಿಲಿಂಡರಿನ ಎಂಜಿನ್ನು ನಡುವಿನಲ್ಲೇ ಇದ್ದದ್ದರಿಂದ ಹೊಸ ಬಾಡಿ ಹಳೆಯ ನೆನಪನ್ನು ಕರೆತಂದಾಗ ಕೆಳಗಿನ ಯಂತ್ರ ಅದನ್ನು ಅಲ್ಲಗಳೆಯಲಿಲ್ಲ. ಗಾಯಕ ಎರಿಕ್ ಕ್ಲ್ಯಾಪ್ಟನ್ ಅವರಿಗಾಗಿ ಫೆರಾರಿ 2012ರಲ್ಲಿ ಮಾಡಿಕೊಟ್ಟ ಎಸ್‌ಪಿ12 ಇಸಿ ಅಷ್ಟು ಸರಳವಲ್ಲ. ಅವರು ಪ್ರೀತಿಸಿದ್ದು 1970ರ ದಶಕದ 512 ಬಿಬಿ ಮಾದರಿಯನ್ನು. ಅದರ ಎಂಜಿನ್ನು ಚಪ್ಪಟೆಯಾದ ಹನ್ನೆರಡು ಸಿಲಿಂಡರಿನದು, ಅದರ ಹಿಂಭಾಗ ಅಗಲವಾಗಿ ಕತ್ತರಿಸಿದಂತಿದ್ದದ್ದು ಅದೇ ಕಾರಣಕ್ಕೆ. ಹೊಸ ಕಾರು ನಿಂತದ್ದು ಎಂಟು ಸಿಲಿಂಡರಿನ 458ರ ಮೇಲೆ. ನೋಡಲು ಸೊಗಸಾಗಿಯೇ ಇರುವ ಆ ಕಾರಿನ ಹಿಂಭಾಗ ತನ್ನೊಳಗಿಲ್ಲದ ಎಂಜಿನ್ನಿನ ಆಕಾರವನ್ನು ನೆನೆಯುತ್ತದೆ. ಎರಡೂ ಕಾರುಗಳನ್ನು ಸುಂದರವೆಂದು ಒಂದೇ ಉಸಿರಿನಲ್ಲಿ ಹೊಗಳುವ ಅಭಿಪ್ರಾಯ ಈ ವ್ಯತ್ಯಾಸವನ್ನು ಕಂಡೇ ಇಲ್ಲ.

ಪ್ರಮಾಣದ ನಂತರದ್ದು ಮೇಲ್ಮೈ, ಎಂದರೆ ತಗಡಿನ ಬಾಗು ಬಳುಕು. ಈ ವಿಷಯದಲ್ಲಿ ಪುದುಪೇಟೆಯ ಟಿಂಕರಿಂಗ್ ಕೆಲಸಗಾರರ ಕಣ್ಣು ಯಾವ ಸ್ಟುಡಿಯೊದ ಕಣ್ಣಿಗೂ ಕಡಿಮೆಯಲ್ಲ. ಎಗ್ಮೋರ್ ರೈಲು ನಿಲ್ದಾಣದಿಂದ ದೂರವೇನಿಲ್ಲದ ಈ ಪೇಟೆಯ ಸಂದಿಗಳಲ್ಲಿ ಹಳೆಯ ಕಾರುಗಳನ್ನು ಬಿಚ್ಚಿ ಬಾಗಿಲು, ಬಾನೆಟ್ಟು, ಡಿಕ್ಕಿ, ದೀಪಗಳನ್ನು ಬೇರೆಬೇರೆಯಾಗಿ ಪೇರಿಸಿಡುತ್ತಾರೆ. ಜಜ್ಜಿದ ಮೈಯನ್ನು ನೇರಗೊಳಿಸುವ, ಬೇರೆ ಮೂತಿ ಕೂರಿಸುವ, ಬಾಲಕ್ಕೆ ರೆಕ್ಕೆ ಬಿಗಿಯುವ ಕೆಲಸಗಳೂ ಸುತ್ತಮುತ್ತ ನಡೆಯುತ್ತವೆ. ಪುಟ್ಟಿ ಬಳಿದು ಒಣಗಿಸಿದ ಬಾಗಿಲನ್ನು ಕೆಲಸಗಾರ ನೀರು ಸುರಿಯುತ್ತ ವಾಟರ್ ಪೇಪರಿನಿಂದ ಉಜ್ಜುತ್ತಾನೆ; ನಡುನಡುವೆ ನಿಲ್ಲಿಸಿ, ಬೆರಳ ತುದಿಯಿಂದಲ್ಲ, ಚಾಚಿದ ಅಂಗೈಯಿಂದ ಉದ್ದಕ್ಕೂ ಸವರುತ್ತಾನೆ, ಏಕೆಂದರೆ ತಗ್ಗು ಉಬ್ಬು ಅಂಗೈಗೆ ತಿಳಿದಷ್ಟು ಬೆರಳಿಗೆ ತಿಳಿಯುವುದಿಲ್ಲ. ಬಣ್ಣ ಬಿದ್ದ ಮೇಲೆ ಪರೀಕ್ಷೆ ಟ್ಯೂಬ್‌ಲೈಟಿನದು: ಕುಕ್ಕರುಗಾಲಿನಲ್ಲಿ ಕೂತು ಕಾರಿನ ಪಕ್ಕೆಯ ಮೇಲೆ ಬಿದ್ದ ದೀಪದ ಪ್ರತಿಬಿಂಬವನ್ನು ಓರೆಯಾಗಿ ನೋಡುತ್ತ ತಲೆಯನ್ನು ಮೆಲ್ಲನೆ ಸರಿಸುತ್ತಾನೆ, ಬೆಳಕಿನ ಗೆರೆ ಎಲ್ಲಿ ನಡುಗಿತೋ ಅಲ್ಲಿ ತಗಡು ಕೆಟ್ಟಿದೆ. ಟುರಿನ್ನಿನ ವಿನ್ಯಾಸಕಾರರು ಜೇಡಿಯ ಮಾದರಿಯ ಮೇಲೆ ಹೊಳೆಯುವ ಹಾಳೆ ಹೊದಿಸಿ, ಸಾಲು ದೀಪಗಳಡಿ ನಿಲ್ಲಿಸಿ ನೋಡುವುದೂ ಇದನ್ನೇ. ಪುದುಪೇಟೆಯ ಕೈಗೆ ಕೊರತೆಯಿಲ್ಲ. ಗಿರಾಕಿ ಕೇಳುವುದು ಮಾತ್ರ ಬಹುತೇಕ ಹುಸಿ ಗಾಳಿಕಿಂಡಿ, ಒಳಗೆ ದಾರಿಯಿಲ್ಲದ ಬಾನೆಟ್ ಮೂಗು, ಗಂಟೆಗೆ 60 ಕಿಲೊಮೀಟರಿನ ಊರೊಳಗಿನ ಓಟದಲ್ಲಿ ಕಾರನ್ನು ನೆಲಕ್ಕೆ ಒತ್ತುವ ಕೆಲಸವೇ ಬೀಳದ ರೆಕ್ಕೆ. ಕೋಟಿಯ ಕಾರುಗಳಲ್ಲಿಯೂ ಇಂಥ ಹುಸಿ ಕಿಂಡಿಗಳಿಲ್ಲದಿಲ್ಲ. ಅಲ್ಲಿ ಅವುಗಳ ಹಿಂದೆ ಇಂಗಾಲದ ನಾರಿನ ತಡಿಕೆಯಿರುತ್ತದೆ ಎಂಬುದಷ್ಟೇ ಭೇದ.

ಕಾನೂನು ಈ ಕಸುಬಿಗೆ ಬಿಟ್ಟಿರುವ ಜಾಗ ಬಲು ಕಿರಿದು. ತಯಾರಕರು ನಿಗದಿ ಮಾಡಿದ, ನೋಂದಣಿ ಪತ್ರದಲ್ಲಿ ಸೇರಿದ ವಿವರಗಳಿಗೆ ವಿರುದ್ಧವಾಗಿ ಮಾಲೀಕನು ವಾಹನವನ್ನು ಮಾರ್ಪಡಿಸಕೂಡದೆಂದು 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮು ಹೇಳುತ್ತದೆ. ಕೇರಳದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟು 2019ರ ಜನವರಿಯಲ್ಲಿ ಇದನ್ನು ಕಟ್ಟುನಿಟ್ಟಾಗಿ ಎತ್ತಿಹಿಡಿಯಿತು. ಹೊಸದಾಗಿ ಕಾರು ಕಟ್ಟುವವನು ಕೇಂದ್ರ ಮೋಟಾರು ವಾಹನ ನಿಯಮಗಳ 126ನೆಯ ನಿಯಮದಂತೆ ಮಾದರಿಯೊಂದನ್ನು ಪುಣೆಯ ಎಆರ್‌ಎಐನಂಥ ಸಂಸ್ಥೆಗೆ ಒಪ್ಪಿಸಿ ಪರೀಕ್ಷೆ ಮಾಡಿಸಬೇಕು. ಒಂದೇ ಕಾರು ಕಟ್ಟುವವನಿಗೆ ಈ ವೆಚ್ಚ ಹೊರೆ. ಸುರಕ್ಷತೆಯ ದೃಷ್ಟಿಯಿಂದ ಈ ಕಟ್ಟುಪಾಡು ಸರಿಯೇ; ಕಡಿದು ಬೆಸೆದ ಮೈ ಅಪಘಾತದಲ್ಲಿ ಹೇಗೆ ಮಡಚಿಕೊಳ್ಳುತ್ತದೆಂದು ಕೆಲಸಗಾರನ ಅಂಗೈ ಹೇಳಲಾರದು. ಆದರೆ ಅದರ ಫಲವಾಗಿ ಭಾರತದಲ್ಲಿ ಹೇಳಿ ಮಾಡಿಸುವುದೆಂದರೆ ಬಣ್ಣ, ಸೀಟಿನ ಚರ್ಮ ಮತ್ತು ಅಂಟಿಸಿದ ತುಣುಕುಗಳಿಗೆ ಇಳಿದಿದೆ. ರೂಪದ ನಿಜವಾದ ಪ್ರಶ್ನೆಗಳು ಕೊಳ್ಳುವವನ ಕೈಯಿಂದ ತಪ್ಪಿಹೋಗಿವೆ.

ವಿದ್ಯುತ್ ಕಾರು ಬಂದ ಮೇಲೆ ಆ ಪ್ರಶ್ನೆಗಳು ಬೇರೆ ರೂಪದಲ್ಲಿ ಎದ್ದಿವೆ. ಎಂಜಿನ್ನೇ ಇಲ್ಲದ ಕಾರಿಗೆ ನೀಳ ಬಾನೆಟ್ಟಿನ ಅಗತ್ಯವಿಲ್ಲ, ಬೆನ್ನ ಹಿಂದಿನ ಗೂಡಿನ ಅಗತ್ಯವೂ ಇಲ್ಲ. ಬ್ಯಾಟರಿ ಮತ್ತು ಮೋಟಾರುಗಳನ್ನು ಹೊತ್ತ ಚಪ್ಪಟೆ ತಳದ ಮೇಲೆ ಯಾವ ಬಾಡಿಯನ್ನಾದರೂ ಕೂರಿಸಬಹುದೆಂದು ತೋರುವುದರಿಂದ ಚಾಸಿ ಮತ್ತು ಬಾಡಿ ಬೇರೆಯಾಗಿದ್ದ ಕಾಲ ಮರಳಿ ಬಂತೆಂದು ಕೆಲವರು ಹಿಗ್ಗಿದ್ದಾರೆ. ಬೆಂಗಳೂರಿನ ರೇವಾ ಈ ದಾರಿಯಲ್ಲಿ ಮೊದಲೇ ನಡೆದಿತ್ತು: ಉಕ್ಕಿನ ಚೌಕಟ್ಟಿನ ಮೇಲೆ ಪ್ಲಾಸ್ಟಿಕ್ಕಿನ ಹೊರಮೈ ಹೊದಿಸಿದ ಆ ಪುಟ್ಟ ಕಾರನ್ನು 2001ರಲ್ಲಿ ಮಾರುಕಟ್ಟೆಗೆ ತಂದವರು, 2005ರಲ್ಲಿ ದಿಲೀಪ್ ಛಾಬ್ರಿಯಾ ಅವರ ವಿನ್ಯಾಸದಲ್ಲಿ ಎನ್‌ಎಕ್ಸ್‌ಜಿ ಎಂಬ ಇಬ್ಬರು ಕೂರುವ ವಿದ್ಯುತ್ ಸ್ಪೋರ್ಟ್ಸ್ ಕಾರಿನ ಮಾದರಿಯನ್ನೂ ತೋರಿಸಿದ್ದರು. ಮಹೀಂದ್ರ 2010ರಲ್ಲಿ ರೇವಾವನ್ನು ಕೊಂಡಿತು, 2015ರ ಕೊನೆಯಲ್ಲಿ ಪಿನಿನ್‌ಫರೀನಾವನ್ನು ಕೊಳ್ಳುವ ಒಪ್ಪಂದ ಮಾಡಿಕೊಂಡಿತು; ಆ ಹೆಸರಿನಲ್ಲಿ 2019ರ ಜಿನೀವಾ ಪ್ರದರ್ಶನಕ್ಕೆ ಬಂದ ಬತ್ತಿಸ್ತಾ ಎಂಬ 1900 ಅಶ್ವಶಕ್ತಿಯ ವಿದ್ಯುತ್ ಕಾರು 150ಕ್ಕೆ ಸೀಮಿತ, ಪ್ರತಿಯೊಂದೂ ಕೊಳ್ಳುವವನ ಇಚ್ಛೆಯಂತೆ ಸಿದ್ಧವಾಗುವಂಥದು. ಅದರ ಬೆನ್ನ ಹಿಂದೆ ಎಂಜಿನ್ನಿಲ್ಲದಿದ್ದರೂ ಆಕಾರ ನಡುವೆಂಜಿನ್ನಿನ ಕಾರಿನದೇ. ಇದನ್ನು ಬರಿಯ ಹಳೆಯ ಅಭ್ಯಾಸವೆನ್ನುವ ಅಭಿಪ್ರಾಯ ಆತುರದ್ದು. ಬ್ಯಾಟರಿಯನ್ನು ಸಾಮಾನ್ಯ ವಿದ್ಯುತ್ ಕಾರಿನಂತೆ ಕಾಲಡಿಯಲ್ಲಿ ಹಾಸಿದ್ದರೆ ಕೂತವರು ಅಷ್ಟು ಮೇಲೇರಬೇಕಿತ್ತು, ಅವರ ಹಿಂದೆ ಮಾಡೂ ಏರಬೇಕಿತ್ತು. ಅದನ್ನು ತಪ್ಪಿಸಲೆಂದೇ ಇಂಗ್ಲಿಷಿನ ಟಿ ಅಕ್ಷರದಂತೆ ಬ್ಯಾಟರಿಯನ್ನು ಎರಡು ಸೀಟುಗಳ ನಡುವೆಯೂ ಬೆನ್ನ ಹಿಂದೆಯೂ ಜೋಡಿಸಿದರು, ಖಾಲಿಯಾಗಿದ್ದ ಎಂಜಿನ್ನಿನ ಜಾಗ ಮತ್ತೆ ತುಂಬಿತು. ಬ್ಯಾಟರಿಯನ್ನು ತಳದಲ್ಲಿಟ್ಟು, ಅದರಡಿ ಹಂಪಿಗೆ ಬೇಕಾದ ಎತ್ತರವನ್ನೂ ಬಿಟ್ಟು, ಇಬ್ಬರು ಕೂರುವ ಕಾರನ್ನು ಭಾರತದ ರಸ್ತೆಗಾಗಿ ಬಿಡಿಸಲು ಹೊರಡುವವರ ಮುಂದೆ ಎರಡೆರಡು ಎತ್ತರಗಳು ಒಂದರ ಮೇಲೊಂದು ಕೂತಿರುತ್ತವೆ. ಸ್ಟ್ಯಾಂಡರ್ಡ್ 2000 ಕಾರನ್ನು ಎತ್ತಿದವರಿಗೆ ಅವುಗಳಲ್ಲಿ ಒಂದೇ ಎದುರಾಗಿತ್ತು.